ಮಳೆ ಬಂದರೆ ಸಂಡಾಸಿನಿಂದ ಗಟಾರದ ನೀರು ವಾಪಸ್ ಬರುತ್ತಿದೆ, ವಾಲ್ವ್ ಹಾಕಿಸಬೇಕಾ?

ಜೇವರ್ಗಿ ರೋಡ್ ಸೊಸೆ

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಕಲಬುರಗಿಯಲ್ಲಿ ಜೇವರ್ಗಿ ರಸ್ತೆ ಕಡೆಯ ಹಳೇ ಮನೆ. ಕೆಳಗೆ ಅತ್ತೆ-ಮಾವ, ಮೇಲೆ ನಾವು. ಮುಂದಿನ ಕೋಣೆಗಳನ್ನು ಟ್ಯೂಷನ್ ಕ್ಲಾಸಿಗೆ ಬಾಡಿಗೆ ಕೊಟ್ಟಿದ್ದೇವೆ. ಅವರಿಗೆ ಒಂದು ಯೂರಿನಲ್, ಒಂದು ಸಂಡಾಸ್ ಬೇರೆ ಇದೆ.

ಜೋರು ಮಳೆ ಹೊಡೆದರೆ ಸಾಕು, ಮೊದಲು ಬಚ್ಚಲಿನ ಜಾಲಿ ಗುಳುಗುಳು ಅನ್ನುತ್ತದೆ. ಆಮೇಲೆ ಕಪ್ಪು ನೀರು ಮೇಲೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಸಂಡಾಸಿನ ಬೇಸಿನ್ ಅಂಚಿನ ತನಕ ತುಂಬುತ್ತದೆ. ಮೇಲಿನ ಮನೆಗೆ ಏನೂ ತೊಂದರೆ ಇಲ್ಲ. ಮಳೆ ನಿಂತ ಮೇಲೆ ತಾನೇ ಇಳಿಯುತ್ತದೆ ಅನ್ನಿ. ಆದರೆ ಫರ್ಸಿ ಮೇಲೆ ಉಳಿದ ರಾಡಿ, ಆ ವಾಸನೆ! ಅತ್ತೆ ಆ ದಿನ ಊಟವನ್ನೇ ಬಿಡುತ್ತಾರೆ.

ಹಾರ್ಡ್‌ವೇರ್ ಅಂಗಡಿಯವರು ಒಂದು ಎನ್‌ಆರ್‌ವಿ (ನೀರು ವಾಪಸ್ ಬರದಂತೆ ತಡೆಯುವ ವಾಲ್ವ್) ಹಾಕಿ, ಮುಗಿದು ಹೋಯಿತು ಅಂತಾರೆ. ಪ್ಲಂಬರ್ ಬೇಡವೇ ಬೇಡ, ಅದು ಜಾಮ್ ಆಗುತ್ತದೆ ಅಂತಾನೆ. ಯಾರ ಮಾತು ಕೇಳೋದು?

ತೊಗರಿ ಕಣಜ

ಇಬ್ಬರ ಮಾತೂ ಅರ್ಧ ನಿಜ ಅಕ್ಕಾ. ಇಬ್ಬರಿಗೂ ಅರ್ಧ ಅರ್ಧ ದುಡ್ಡು ಕೊಟ್ಟುಬಿಡಿ.

ಫರ್ಸಿ ಮೇಸ್ತ್ರಿ

ಅಕ್ಕಾ, ಮೊದಲು ಒಂದು ಮಾತು ಹೇಳಿ. ನಿಮ್ಮ ಮನೆ ಮುಂದಿನ ರಸ್ತೆ ಎಷ್ಟು ಸಲ ಎತ್ತರ ಆಗಿದೆ? ಮನೆ ಕಟ್ಟಿದಾಗ ರಸ್ತೆಯಿಂದ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದಿರಾ? ಈಗ ಇಳಿದು ಹೋಗುತ್ತೀರಾ?

ಜೇವರ್ಗಿ ರೋಡ್ ಸೊಸೆ

ಹೌದು ಅಣ್ಣಾ! ಮೊದಲು ಬಾಗಿಲಿಗೆ ಮೂರು ಮೆಟ್ಟಿಲು ಇತ್ತಂತೆ, ಮಾವ ಹೇಳುತ್ತಾರೆ. ಡಾಂಬರ್ ಮೇಲೆ ಡಾಂಬರ್, ಅದರ ಮೇಲೆ ಸಿಸಿ, ಅಂದರೆ ಕಾಂಕ್ರೀಟ್. ಈಗ ಗೇಟಿನಿಂದ ಅಂಗಳಕ್ಕೆ ಇಳಿಯಬೇಕು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೀದರ್ ಸೈಟ್ ಎಂಜಿನಿಯರ್

ಸಂಬಂಧ ಇದೆಯಾ ಅಂದರೆ? ಅದೇ ಇಡೀ ಕಥೆ. ಮೇಸ್ತ್ರಿ ಸರಿಯಾದ ಕಡೆ ಕೈ ಇಟ್ಟಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಸ್ತೆಯ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪು, ತುಂಬಿದಾಗ ನೀರಿಗೆ ಹೊರಗೆ ಬರಲು ಒಂದು ಬಾಯಿ ಬೇಕು. ಎಲ್ಲಕ್ಕಿಂತ ಕೆಳಗಿರುವ ಬಾಯಿಯಲ್ಲೇ ಅದು ಮೊದಲು ಉಕ್ಕುತ್ತದೆ. ನಿಮ್ಮ ಸಂಡಾಸಿನ ನೆಲ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಮೇಲಿದ್ದರೆ ಗಟಾರ ರಸ್ತೆಯಲ್ಲೇ ಉಕ್ಕಿ ಹರಿಯುತ್ತದೆ, ನಿಮ್ಮ ಮನೆಗೆ ಬರುವುದಿಲ್ಲ. ನಿಮ್ಮ ನೆಲ ಕೆಳಗಿದ್ದರೆ ಊರಿನ ಮ್ಯಾನ್‌ಹೋಲ್ ನಿಮ್ಮ ಬಚ್ಚಲೇ. ಮೇಲಿನ ಮನೆಗೆ ಯಾಕೆ ತೊಂದರೆ ಇಲ್ಲ ಅನ್ನುವುದಕ್ಕೂ ಇದೇ ಉತ್ತರ. ಬೇಸಿನ್‌ಗಿಂತ ಮೊದಲು ಬಚ್ಚಲಿನ ಜಾಲಿ ಯಾಕೆ ಉಕ್ಕುತ್ತದೆ ಅನ್ನುವುದಕ್ಕೂ ಇದೇ. ಜಾಲಿ ನೆಲಮಟ್ಟದಲ್ಲಿದೆ, ಬೇಸಿನ್ ಅದಕ್ಕಿಂತ ಸ್ವಲ್ಪ ಮೇಲೆ, ಯೂರಿನಲ್ ಇನ್ನೂ ಮೇಲೆ. ಯೂರಿನಲ್‌ನಿಂದ ಗಟಾರದ ನೀರು ಬಂತು ಅಂದರೆ ಅಷ್ಟರಲ್ಲಿ ನೆಲದ ಮೇಲೆ ಮಂಡಿಯ ತನಕ ನೀರು ಇರಬೇಕು. ಇಲ್ಲದಿದ್ದರೆ ಅದು ಬೇರೆಯೇ ರೋಗ.

ಹಾಗಾಗಿ ವಾಲ್ವ್ ಕೊಳ್ಳುವ ಮೊದಲು ಲೆವೆಲ್ ನೋಡಿ. ಮೇಸ್ತ್ರಿಗಳ ಹತ್ತಿರ ಪಾರದರ್ಶಕ ಪೈಪು ಇರುತ್ತದೆ, ಟ್ಯೂಬ್ ಲೆವೆಲ್. ಗುಳ್ಳೆ ಇಲ್ಲದಂತೆ ನೀರು ತುಂಬಿ ಒಂದು ತುದಿ ಮ್ಯಾನ್‌ಹೋಲ್ ಮುಚ್ಚಳದ ಹತ್ತಿರ, ಇನ್ನೊಂದು ತುದಿ ಸಂಡಾಸಿನೊಳಗೆ ನೆಟ್ಟಗೆ ಹಿಡಿಯಬೇಕು. ಎರಡೂ ಕಡೆ ನೀರಿನ ಗೆರೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಗೆರೆಯಿಂದ ಮುಚ್ಚಳ ಎಷ್ಟು ಕೆಳಗೆ, ನೆಲ ಎಷ್ಟು ಕೆಳಗೆ ಅಂತ ಟೇಪಿನಿಂದ ಅಳೆಯಿರಿ. ವ್ಯತ್ಯಾಸ ಸಿಕ್ಕಿತು. ಯಾವ ಮ್ಯಾನ್‌ಹೋಲ್ ಅಂದರೆ, ನಿಮ್ಮ ಮನೆಯ ಪೈಪು ಮುಖ್ಯ ಲೈನಿಗೆ ಸೇರುವ ಜಾಗದಿಂದ ಹರಿವಿನ ಮೇಲ್ಭಾಗದಲ್ಲಿ ಮೊದಲು ಸಿಗುವುದು. ಹೊರದೇಶದ ಪ್ಲಂಬಿಂಗ್ ಕೋಡ್‌ಗಳಲ್ಲೂ ಅದನ್ನೇ ಅಳತೆಗೆ ಹಿಡಿಯುತ್ತಾರೆ.

ಒಂದು ಎಚ್ಚರಿಕೆ. ಹೊಸ ರಸ್ತೆ ಹಾಕುವಾಗ ಮ್ಯಾನ್‌ಹೋಲ್ ಮುಚ್ಚಳ ಸಿಸಿ ಕೆಳಗೆ ಹೂತು ಹೋಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಬಾಯಿ ಮುಚ್ಚಿದೆ ಅಂದರೆ ನೀರು ಮುಂದಿನ ಬಾಯಿ ಹುಡುಕುತ್ತದೆ.

ಹಳೇ ಗುಲ್ಬರ್ಗಾದವ

ಇಷ್ಟೆಲ್ಲಾ ಯಾಕೆ? ಮಳೆ ಬಂದಾಗ ಬಚ್ಚಲಿನ ಜಾಲಿಗೆ ಬಟ್ಟೆ ತುರುಕಿ ಮೇಲೆ ಒಂದು ಕಲ್ಲು ಇಟ್ಟರೆ ಆಯಿತು. ನಮ್ಮಪ್ಪ ಅದನ್ನೇ ಮಾಡುತ್ತಿದ್ದರು.

ಫರ್ಸಿ ಮೇಸ್ತ್ರಿ

ಕಾಕಾ, ಜಾಲಿ ಮುಚ್ಚಿದರೆ ಬೇಸಿನ್‌ನಿಂದ ಬರುತ್ತದೆ. ಬೇಸಿನ್ ಮುಚ್ಚಿದರೆ ಟ್ಯೂಷನ್ ಕ್ಲಾಸಿನವರ ಕಡೆಯಿಂದ ಬರುತ್ತದೆ. ಎಲ್ಲಾ ಮುಚ್ಚಿದರೆ ಮೇಲಿನ ಮನೆಯವರು ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗಬೇಕು?

ಆದರೆ ರಾತ್ರಿ ಹೊತ್ತು ತಕ್ಷಣಕ್ಕೆ ಬೇರೆ ದಾರಿ ಇಲ್ಲ ಅಂದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ, ಬಾಯಿ ಕಟ್ಟಿ ಬೇಸಿನ್ ಒಳಗೆ ಒತ್ತಿ ಇಡಬಹುದು. ಆ ಹೊತ್ತು ಮೇಲೆ ಯಾರೂ ನೀರು ಬಿಡಬಾರದು. ಬಟ್ಟೆ ಬೇಡ. ಅದು ಒಳಗೆ ಜಾರಿ ಹೋದರೆ ಅದನ್ನು ತೆಗೆಯುವುದೇ ಇನ್ನೊಂದು ಕೆಲಸ.

ಖಾನಾವಳಿ ಕಾಕಾ

ನಮ್ಮ ಖಾನಾವಳಿಯಲ್ಲೂ ಇದೇ ಗೋಳು ಇತ್ತು, ಆದರೆ ಮಳೆ ಇರಲಿ ಬಿಡಲಿ. ಬೇಸಿಗೆಯಲ್ಲೂ ಉಕ್ಕುತ್ತಿತ್ತು. ಪ್ಲಂಬರ್ ಬಂದು ಚೇಂಬರ್ ತೆಗೆದರೆ ಎಣ್ಣೆ ಬೆಣ್ಣೆ ತರಹ ಗಟ್ಟಿಯಾಗಿ ಪೈಪಿನ ಅರ್ಧ ಬಾಯಿ ಮುಚ್ಚಿತ್ತು. ಎಣ್ಣೆಗಾಯಿ ಪಲ್ಯದ ಪಾತ್ರೆ, ರೊಟ್ಟಿ ಹಿಟ್ಟಿನ ನೀರು, ಎಲ್ಲಾ ಅದೇ ಲೈನಿಗೆ. ಈಗ ಅಡುಗೆಮನೆ ನೀರಿಗೆ ಗ್ರೀಸ್ ಟ್ರ್ಯಾಪ್, ಅಂದರೆ ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿ, ಬೇರೆ ಮಾಡಿಸಿದ್ದೇವೆ, ಹುಡುಗರು ವಾರವಾರ ತೆಗೆಯುತ್ತಾರೆ. ಆಮೇಲೆ ಉಕ್ಕಿಲ್ಲ.

ಬೀದರ್ ಸೈಟ್ ಎಂಜಿನಿಯರ್

ಕಾಕಾ ಹೇಳಿದ್ದು ಒಳ್ಳೆಯ ಗುರುತು. ಮಳೆ ಇಲ್ಲದೆಯೂ ಉಕ್ಕಿದರೆ ತಪ್ಪು ಸಾಮಾನ್ಯವಾಗಿ ನಿಮ್ಮ ಪೈಪಿನಲ್ಲೇ ಇದೆ. ಮಳೆಗೆ ಮಾತ್ರ ಉಕ್ಕಿದರೆ ರಸ್ತೆ ಕಡೆ ಅನುಮಾನ ಪಡಿ. ಅಕ್ಕಾ, ಮುಂದಿನ ಸಲ ಉಕ್ಕಿದಾಗ ನಿಮ್ಮ ಅಂಗಳದ ಕೊನೆಯ ಚೇಂಬರ್ ಮತ್ತು ರಸ್ತೆಯ ಚೇಂಬರ್ ಎರಡನ್ನೂ ನೋಡಿಸಿ. ಎರಡೂ ತುಂಬಿದ್ದರೆ ರಸ್ತೆಯ ನೀರು. ಅಂಗಳದ್ದು ತುಂಬಿ ರಸ್ತೆಯದು ಖಾಲಿ ಇದ್ದರೆ ನಡುವಿನ ಪೈಪು ಕಟ್ಟಿದೆ, ಅಂದರೆ ವಾಲ್ವ್ ಹಾಕಿ ಪ್ರಯೋಜನವೇ ಇಲ್ಲ.

ಮುಚ್ಚಳ ತೆಗೆದ ತಕ್ಷಣ ಬಗ್ಗಿ ಮುಖ ಇಡಬೇಡಿ. ಒಳಗಿನ ಗಾಳಿ ಜೀವ ತೆಗೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ದೂರದಿಂದ ಟಾರ್ಚ್ ಹಾಕಿ ನೋಡಿ. ಯಾರನ್ನೂ ಒಳಗೆ ಇಳಿಸಬೇಡಿ, ಎಷ್ಟೇ ದುಡ್ಡು ಕೇಳಲಿ, ನಾನೇ ಇಳಿಯುತ್ತೇನೆ ಅಂತ ಅವರೇ ಹೇಳಲಿ. 2013ರ ಕಾನೂನು ಅದನ್ನು ಅಪರಾಧ ಅನ್ನುತ್ತದೆ, ಮನೆ ಮಾಲೀಕರ ಮೇಲೂ ಕೇಸ್ ಆಗುತ್ತದೆ. ಸಕ್ಕಿಂಗ್ ಮಷೀನ್, ಜೆಟ್ಟಿಂಗ್ ಮಷೀನ್ ಕರೆಸಿ. 14420 ಅನ್ನುವ ಸಹಾಯವಾಣಿ ಇರುವುದೇ ಅದಕ್ಕೆ.

ಜೇವರ್ಗಿ ರೋಡ್ ಸೊಸೆ

ಮೇಸ್ತ್ರಿಯನ್ನು ಕರೆಸಿ ಟ್ಯೂಬ್ ಲೆವೆಲ್ ಹಿಡಿಸಿದೆವು. ಸಂಡಾಸಿನ ನೆಲ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ 7 ಇಂಚು ಕೆಳಗೆ ಇದೆ. ನಿನ್ನೆ ಮಳೆಯಲ್ಲಿ ಎರಡೂ ಚೇಂಬರ್ ತುಂಬಿದ್ದವು. ಅಂದರೆ ರಸ್ತೆಯ ನೀರೇ.

ಇನ್ನೊಂದು ವಿಷಯ ಕಂಡಿತು. ತಾರಸಿಯ ಮಳೆ ನೀರಿನ ಪೈಪು ಅಂಗಳದ ಅದೇ ಚೇಂಬರಿಗೆ ಬಿಟ್ಟಿದ್ದಾರೆ. ಮೊದಲಿನಿಂದಲೂ ಹಾಗೇ ಇದೆಯಂತೆ.

ಬೀದರ್ ಸೈಟ್ ಎಂಜಿನಿಯರ್

ಅಯ್ಯೋ! ಅದನ್ನು ಮೊದಲು ಕತ್ತರಿಸಿ. ವಾಲ್ವ್ ವಿಷಯ ಆಮೇಲೆ.

ಲೆಕ್ಕ ಹಾಕಿ ನೋಡಿ. 1000 ಚದರ ಅಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಈಗಿನ ಫ್ಲಶ್ ಟ್ಯಾಂಕಿನ ದೊಡ್ಡ ಬಟನ್ ಒತ್ತಿದರೆ ಹೋಗುವುದು 6 ಲೀಟರ್. ಅಂದರೆ ಒಂದೇ ಮಳೆಗೆ ನಿಮ್ಮ ತಾರಸಿ 700ಕ್ಕೂ ಜಾಸ್ತಿ ಸಲ ಫ್ಲಶ್ ಮಾಡಿದ ಹಾಗೆ. ಯುಜಿಡಿ ಪೈಪಿನ ಅಳತೆ ಹಾಕುವುದು ಮನೆಯ ಕೊಳಚೆ ನೀರಿಗೆ, ಮಳೆಗಲ್ಲ. ಮಳೆ ನೀರಿಗೆ ರಸ್ತೆ ಪಕ್ಕದ ಚರಂಡಿ ಬೇರೆ ಇದೆ. ಓಣಿಯಲ್ಲಿ ಹತ್ತು ಮನೆಯವರು ಹೀಗೆ ಜೋಡಿಸಿದರೆ ಲೈನು ತುಂಬದೆ ಏನಾಗುತ್ತದೆ?

ಇನ್ನೂ ಕೆಟ್ಟದ್ದು ಏನೆಂದರೆ, ಈ ಜೋಡಣೆ ಬಿಟ್ಟು ವಾಲ್ವ್ ಹಾಕಿಸಿದ್ದರೆ ಮಳೆಯಲ್ಲಿ ವಾಲ್ವ್ ಮುಚ್ಚಿಕೊಳ್ಳುತ್ತಿತ್ತು, ತಾರಸಿಯ ನೀರಿಗೆ ಹೊರಗೆ ಹೋಗಲು ದಾರಿ ಇರುತ್ತಿರಲಿಲ್ಲ, ಅದೆಲ್ಲಾ ಅತ್ತೆಯವರ ಬಚ್ಚಲಿಗೆ ಬರುತ್ತಿತ್ತು. ರಸ್ತೆಯ ಗಟಾರ ಬೇಡವೆಂದು ಸ್ವಂತ ಗಟಾರ ತುಂಬಿಕೊಂಡ ಹಾಗೆ.

ತೊಗರಿ ಕಣಜ

2020ರ ಅಕ್ಟೋಬರ್ ಮಳೆಯಲ್ಲಿ ನಮ್ಮ ಓಣಿಯಲ್ಲಿ ಆಗಿದ್ದು ಇದೇ. ಎಲ್ಲರೂ ಭೀಮಾ ನದಿಗೆ ಬೈಯುತ್ತಿದ್ದರು. ತಾರಸಿ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ನೋಡಲಿಲ್ಲ. ಸೆಪ್ಟೆಂಬರ್ ಮಳೆಗೆ ಮೊದಲು ಓಣಿಯವರೆಲ್ಲಾ ಸೇರಿ ಈ ಪೈಪುಗಳನ್ನು ಬಿಡಿಸಿದರೆ ಅರ್ಧ ಕಷ್ಟ ಕಡಿಮೆ ಆಗುತ್ತದೆ. ಹೇಳಿದರೆ ಕೇಳುವವರು ಯಾರು? ನೀ ಮೊದಲು ಬಿಡಿಸು ಅಂತಾರೆ.

ಜೇವರ್ಗಿ ರೋಡ್ ಸೊಸೆ

ನಾವೇ ಮೊದಲು ಬಿಡಿಸುತ್ತೇವೆ ಬಿಡಿ. ಆಮೇಲೆ ವಾಲ್ವ್? ಯಾವುದು, ಎಲ್ಲಿ?

ಬೀದರ್ ಸೈಟ್ ಎಂಜಿನಿಯರ್

ಮೂರು ದಾರಿ ಇವೆ. ಮೊದಲನೆಯದು ನೆಲ ಎತ್ತರಿಸುವುದು. ಕೆಳಗಿನ ಸಂಡಾಸ್ ಬಚ್ಚಲು ಒಡೆದು ಒಂದು ಅಡಿ ಮೇಲೆ ಕಟ್ಟಿದರೆ ಯಾವ ಯಂತ್ರವೂ ಬೇಡ. ಇದಕ್ಕಿಂತ ಗಟ್ಟಿ ಪರಿಹಾರ ಇಲ್ಲ. ಆದರೆ ವಯಸ್ಸಾದವರು ರಾತ್ರಿ ಮೆಟ್ಟಿಲು ಹತ್ತಿ ಸಂಡಾಸಿಗೆ ಹೋಗಬೇಕು. ಅದು ನಿಮ್ಮ ಮನೆಗೆ ಒಗ್ಗುವುದಿಲ್ಲ ಅನ್ನಿಸುತ್ತದೆ.

ಎರಡನೆಯದು ಕಡಿಮೆ ಖರ್ಚಿನದು, ಯಾರೂ ಹೇಳುವುದಿಲ್ಲ. ಅಂಗಳದಲ್ಲಿ ಬಚ್ಚಲಿನ ನೀರು ಬಂದು ಬೀಳುವ ಜಾಲಿ ಗುಂಡಿ, ಗಲ್ಲಿ ಟ್ರ್ಯಾಪ್, ಇರುತ್ತದಲ್ಲ, ಜಿಟಿ ಅಂತಾರೆ ಪ್ಲಂಬರ್‌ಗಳು. ಅದರ ಜಾಲಿ ಮನೆಯೊಳಗಿನ ಬಚ್ಚಲಿನ ಜಾಲಿಗಿಂತ ಕೆಳಗೆ ಇರಬೇಕು. ಆಗ ಉಕ್ಕಿದರೂ ಅಂಗಳದಲ್ಲಿ ಉಕ್ಕುತ್ತದೆ, ಮನೆಯೊಳಗೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಇದು ನಿಯಮವೇ. ಒಳಗಿನ ಎಲ್ಲಕ್ಕಿಂತ ಕೆಳಗಿನ ಬಾಯಿಗಿಂತ ಕನಿಷ್ಠ 150 ಮಿ.ಮೀ. ಕೆಳಗೆ ಹೊರಗಿನ ಗಲ್ಲಿ ಇರಬೇಕು ಅನ್ನುತ್ತಾರೆ. ನಮ್ಮ ಕಡೆ ಏನು ಮಾಡುತ್ತಾರೆ? ಅಂಗಳದ ಮಳೆ ನೀರು ಒಳಗೆ ಹೋಗುತ್ತದೆ ಅಂತ ಜಿಟಿ ಸುತ್ತ ಎರಡು ಇಟ್ಟಿಗೆ ಎತ್ತರಕ್ಕೆ ಕಟ್ಟುತ್ತಾರೆ, ಮೇಲೆ ಫರ್ಸಿ ಮುಚ್ಚಿ ಸಿಮೆಂಟ್ ಮೆತ್ತುತ್ತಾರೆ. ಮನೆಯನ್ನು ಕಾಪಾಡಬೇಕಿದ್ದ ಬಾಯಿ ಹೋಯಿತು.

ಮೂರನೆಯದು ವಾಲ್ವ್. ನಿಮ್ಮ ಅಂಗಳವೂ ರಸ್ತೆಗಿಂತ ಕೆಳಗೆ ಇರುವುದರಿಂದ ನಿಮಗೆ ಅದು ಬೇಕು. ಆದರೆ ಮೋಟರ್ ಪೈಪಿಗೆ ಹಾಕುವ ಹಿತ್ತಾಳೆ ಎನ್‌ಆರ್‌ವಿ ತಂದು ಹಾಕಬೇಡಿ. ಅದು ಶುದ್ಧ ನೀರಿಗೆ. ಕೊಳಚೆಗೆ ಬೇರೆ ಬರುತ್ತದೆ, ಪಿವಿಸಿ ಮೈ, ಒಳಗೆ ಒಂದು ರೆಪ್ಪೆ, ಪೂರ್ತಿ ಬಾಯಿ ತೆರೆಯುತ್ತದೆ, ಮೇಲೆ ಬಿಚ್ಚುವ ಮುಚ್ಚಳ ಇರುತ್ತದೆ. ನಿಮ್ಮ ಪೈಪು 110 ಮಿ.ಮೀ. ಇದ್ದರೆ 110, 160 ಇದ್ದರೆ 160. ಮೈ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ರಸ್ತೆ ಕಡೆ ಇರಬೇಕು. ತಿರುಗಿಸಿ ಕೂಡಿಸಿದ ಕೇಸುಗಳನ್ನೂ ನೋಡಿದ್ದೇನೆ.

ಇದರಲ್ಲೂ ಎರಡು ಜಾತಿ. ಒಂದರಲ್ಲಿ ರೆಪ್ಪೆ ಸದಾ ಮುಚ್ಚಿ ನೇತಾಡುತ್ತದೆ, ಮನೆಯ ನೀರು ತಳ್ಳಿಕೊಂಡು ಹೋಗುತ್ತದೆ. ಅದಕ್ಕೆ ಕೂದಲು, ಬಟ್ಟೆ ಚೂರು ಸಿಕ್ಕಿಕೊಳ್ಳುವುದು ಜಾಸ್ತಿ. ನಿಮ್ಮ ಪ್ಲಂಬರ್ ಹೆದರಿದ್ದು ಇದಕ್ಕೇ ಇರಬೇಕು. ಇನ್ನೊಂದರಲ್ಲಿ ರೆಪ್ಪೆ ಮಲಗಿರುತ್ತದೆ, ನೀರು ವಾಪಸ್ ಬಂದಾಗ ಮಾತ್ರ ತೇಲಿ ಎದ್ದು ಬಾಯಿ ಮುಚ್ಚುತ್ತದೆ. ಸಿಕ್ಕರೆ ಎರಡನೆಯದು ತನ್ನಿ. ಪೈಪಿನಲ್ಲಿ ಗಾಳಿಯೂ ಆಡುತ್ತದೆ.

ಫರ್ಸಿ ಮೇಸ್ತ್ರಿ

ಇಳುಕಲನ್ನೂ ಹೇಳಿ ಸರ್. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರು ಇಂಚಿಗೆ 60 ಅಡಿಗೆ ಒಂದು ಅಡಿ. ನಾವು ಕಲಿತ ಲೆಕ್ಕ ಇದು. ವಾಲ್ವ್ ಮಟ್ಟಸವಾಗಿ ಇಟ್ಟು ಹಿಂದೆ ಮುಂದೆ ಪೈಪು ಉಬ್ಬಿದರೆ ರಾಡಿ ಅಲ್ಲೇ ಕೂರುತ್ತದೆ, ರೆಪ್ಪೆ ಏಳುವುದಿಲ್ಲ.

ಬೀದರ್ ಸೈಟ್ ಎಂಜಿನಿಯರ್

ಸರಿಯಾಗಿ ಹೇಳಿದಿರಿ. ಇನ್ನೊಂದು ಮುಖ್ಯ ವಿಷಯ. ಕೆಳಗಿನ ಮನೆ ಮತ್ತು ಟ್ಯೂಷನ್ ಕ್ಲಾಸಿನ ಲೈನು ಮಾತ್ರ ವಾಲ್ವ್ ಮೂಲಕ ಹೋಗಬೇಕು. ಮೇಲಿನ ಮನೆಯ ಲೈನು ವಾಲ್ವ್ ದಾಟಿದ ಮೇಲೆ ಸೇರಬೇಕು. ಯಾಕೆ? ವಾಲ್ವ್ ಮುಚ್ಚಿರುವಾಗ ನೀವು ಮೇಲೆ ಸ್ನಾನ ಮಾಡಿದರೆ ಆ ನೀರು ಕೆಳಗೆ ಅತ್ತೆಯವರ ಬಚ್ಚಲಿನಲ್ಲಿ ಏಳುತ್ತದೆ. ಮೇಲಿನ ಲೈನು ಬೇರೆ ಇದ್ದರೆ ನಿಮ್ಮ ಎತ್ತರವೇ ನಿಮ್ಮ ನೀರನ್ನು ತಳ್ಳುತ್ತದೆ. ಹೊಸದಾಗಿ ಅಗೆಯುವುದೇ ಆದರೆ ಇದನ್ನು ಬಿಡಬೇಡಿ.

ಯಾದಗಿರಿ ಟೀಚರ್

ನನ್ನ ಪ್ರಶ್ನೆ ಸ್ವಲ್ಪ ಬೇರೆ ಸರ್. ನಮ್ಮದು ಯಾದಗಿರಿ ಕಡೆಯ ಶಾಲೆ. ಯುಜಿಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್, ಅದರ ಮುಂದೆ ಇಂಗುಗುಂಡಿ. ಗಂಡು ಮಕ್ಕಳ ಯೂರಿನಲ್ ಸಾಲಿನಲ್ಲಿ ನೀರು ನಿಲ್ಲುತ್ತದೆ, ಮಳೆಗಾಲದಲ್ಲಿ ಸಂಡಾಸೂ ವಾಪಸ್ ಬರುತ್ತದೆ. ಬೇಸಿಗೆ ರಜೆ ಮುಗಿಸಿ ಬಾಗಿಲು ತೆಗೆದರೆ ಒಳಗೆ ನಿಲ್ಲಲು ಆಗದಷ್ಟು ವಾಸನೆ. ಇದಕ್ಕೂ ವಾಲ್ವ್ ಹಾಕಬೇಕಾ?

ಬೀದರ್ ಸೈಟ್ ಎಂಜಿನಿಯರ್

ಮೇಡಂ, ನಿಮ್ಮಲ್ಲಿ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಯಾವುದಕ್ಕೂ ವಾಲ್ವ್ ಬೇಡ.

ಯೂರಿನಲ್‌ನಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಕಲ್ಲಿನಿಂದ. ನಮ್ಮ ಜಿಲ್ಲೆಗಳ ಬೋರ್ ನೀರು ಗಡಸು. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆ ನೆಲದ ಕೆಳಗೆ ಇರುವುದೇ ಸುಣ್ಣದ ಕಲ್ಲು. ಗಡಸು ನೀರೂ ಮೂತ್ರವೂ ಸೇರಿದರೆ ಪೈಪಿನ ಒಳಗೆ ಹಳದಿ ಕಲ್ಲು ಕಟ್ಟುತ್ತದೆ. ಹೊರಗಿನಿಂದ ಬಿಳಿ ಟೈಲ್ಸ್ ಹೊಳೆಯುತ್ತದೆ, ಒಳಗೆ ಎರಡು ಇಂಚಿನ ಪೈಪಿನಲ್ಲಿ ಪೆನ್ಸಿಲ್ ದಪ್ಪದ ದಾರಿ ಉಳಿದಿರುತ್ತದೆ. ಯೂರಿನಲ್ ಕೆಳಗಿನ ಬಾಟಲ್ ಟ್ರ್ಯಾಪ್ (ನೀರು ನಿಲ್ಲುವ ಡಬ್ಬಿ) ಬಿಚ್ಚಿ ನೋಡಿ, ಗೊತ್ತಾಗುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಬಿಟ್ಟರೆ ಮೆತ್ತಗಾಗುತ್ತದೆ. ಆದರೆ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಯಾವತ್ತೂ ಒಟ್ಟಿಗೆ ಹಾಕಬಾರದು. ಕ್ಲೋರಿನ್ ಗಾಳಿ ಏಳುತ್ತದೆ. ಶಾಲೆಯ ಆಯಾಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ.

ರಜೆ ಮುಗಿದ ಮೇಲಿನ ವಾಸನೆ ಅಂದರೆ ಟ್ರ್ಯಾಪ್ ಒಣಗಿದೆ. ಟ್ರ್ಯಾಪಿನ ಬಾಗಿನಲ್ಲಿ 50 ಮಿ.ಮೀ.ನಷ್ಟು ನೀರು ನಿಂತಿರುವುದೇ ವಾಸನೆಗೂ ಜಿರಳೆಗೂ ತಡೆ. ನೀರು ಸುರಿಯುವ ಹಳ್ಳಿ ಮಾದರಿ ಬೇಸಿನ್‌ಗಳಲ್ಲಿ ಅದು 20 ಮಿ.ಮೀ. ಮಾತ್ರ. ಯಾದಗಿರಿಯ ಏಪ್ರಿಲ್-ಮೇ ಬಿಸಿಲಿಗೆ ಅದು ಎಷ್ಟು ದಿನ ನಿಲ್ಲುತ್ತದೆ? ರಜೆಗೆ ಬೀಗ ಹಾಕುವ ದಿನ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆ ಮೇಲೆ ತೇಲಿ ನೀರು ಆರದಂತೆ ಹಿಡಿಯುತ್ತದೆ.

ಮಳೆಗಾಲದಲ್ಲಿ ಸಂಡಾಸ್ ವಾಪಸ್ ಬರುವುದು ಕರಿ ಮಣ್ಣಿನಿಂದ. ಎರೆ ನೆಲ ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಇಂಗುಗುಂಡಿಯ ನೀರು ಇಂಗುವುದಿಲ್ಲ. ಗುಂಡಿ ತುಂಬಿದರೆ ಟ್ಯಾಂಕ್ ತುಂಬುತ್ತದೆ, ಟ್ಯಾಂಕ್ ತುಂಬಿದರೆ ಬೇಸಿನ್. ಟ್ಯಾಂಕಿನ ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 50 ಮಿ.ಮೀ. ಕೆಳಗೆ ಇರಬೇಕು. ಎಷ್ಟೋ ಕಡೆ ಎರಡೂ ಒಂದೇ ಮಟ್ಟಕ್ಕೆ ಇಟ್ಟಿರುತ್ತಾರೆ. ಮೊದಲು ಅದನ್ನು ನೋಡಿಸಿ, ಟ್ಯಾಂಕ್ ಖಾಲಿ ಮಾಡಿಸಿ. ಆಮೇಲೂ ಬಂದರೆ ಇಂಗುಗುಂಡಿ ಸುತ್ತ ಜಲ್ಲಿ, ಮರಳು ತುಂಬಿ ಅಗಲ ಮಾಡಿಸಬೇಕು, ಅಥವಾ ಎರಡನೇ ಗುಂಡಿ. ಗುಂಡಿಯ ಮೇಲೆ ಆಟದ ಮೈದಾನದ ಮಳೆ ನೀರು ಹರಿಯದಂತೆ ಒಂದು ಒಡ್ಡು ಹಾಕಿ. ನಮ್ಮ ಬೀದರಿನ ಕೆಂಪು ಕಲ್ಲಿನ ನೆಲ ಇದಕ್ಕೆ ಉಲ್ಟಾ, ಎಲ್ಲಾ ಸರಸರ ಇಂಗಿ ಪಕ್ಕದ ಬಾವಿಗೆ ಹೋಗುತ್ತದೆ. ಆ ತಲೆನೋವು ಬೇರೆ.

ಯಾದಗಿರಿ ಟೀಚರ್

ತುಂಬಾ ಉಪಕಾರ ಆಯಿತು ಸರ್. ಬಾಟಲ್ ಟ್ರ್ಯಾಪ್ ಬಿಚ್ಚಿಸಿದೆ. ಒಳಗೆ ಸುಣ್ಣದ ಚೂರುಗಳ ಜೊತೆ ಚಾಕ್‌ಪೀಸ್ ತುಂಡು, ಗುಟ್ಕಾ ಚೀಟಿ. ಮಕ್ಕಳದ್ದೋ, ದೊಡ್ಡವರದ್ದೋ, ದೇವರಿಗೇ ಗೊತ್ತು.

ನಳದ ನೀರು

ನೀರು ಸರಬರಾಜಿನ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಇಷ್ಟು ಹೊತ್ತು ಎಲ್ಲರೂ ಗಟಾರ ಮನೆಗೆ ಬರುವುದನ್ನೇ ಮಾತಾಡುತ್ತಿದ್ದೀರಿ. ಅದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಅದೇ ನೀರು ಕುಡಿಯುವ ಪೈಪಿಗೆ ಹೋದರೆ ಕಾಣುವುದಿಲ್ಲ. ನನ್ನ ಪ್ರಕಾರ ಹೆಚ್ಚು ಹೆದರಬೇಕಾದ್ದು ಅದಕ್ಕೆ.

ಜೇವರ್ಗಿ ರೋಡ್ ತಂಗಿ, ಬೇಸಿನ್ ಅಂಚಿನ ತನಕ ತುಂಬುತ್ತದೆ ಅಂದಿರಿ. ಆ ಹೊತ್ತಿಗೆ ಪಕ್ಕದಲ್ಲಿ ತೊಳೆಯುವ ಜೆಟ್ ಪೈಪು ಎಲ್ಲಿರುತ್ತದೆ? ಕೊಕ್ಕೆಗೆ ಸಿಕ್ಕಿಸಿದ್ದೀರಾ, ಬೇಸಿನ್ ಒಳಗೆ ಬಿದ್ದಿರುತ್ತದಾ?

ಜೇವರ್ಗಿ ರೋಡ್ ಸೊಸೆ

ನಿಜ ಹೇಳಬೇಕೆಂದರೆ ಕೊಕ್ಕೆ ಮುರಿದಿದೆ ಕಾಕಾ. ನೆಲದ ಮೇಲೆ ಬಿದ್ದಿರುತ್ತದೆ.

ನಳದ ನೀರು

ನೋಡಿ, ಅಲ್ಲೇ ಅಪಾಯ. ಮೇಲಿನ ಟ್ಯಾಂಕ್ ಖಾಲಿಯಾಗಿದೆ ಅಂದುಕೊಳ್ಳಿ, ಅಥವಾ ಪ್ಲಂಬರ್ ಟ್ಯಾಂಕಿನ ವಾಲ್ವ್ ಮುಚ್ಚಿ ರಿಪೇರಿ ಮಾಡುತ್ತಿದ್ದಾನೆ. ಎಲ್ಲೋ ತಗ್ಗಿನ ನಳ ಯಾರೋ ತೆರೆದರು. ಪೈಪಿನ ನೀರು ಕೆಳಗೆ ಇಳಿಯುತ್ತಾ ಹಿಂದೆ ಗಾಳಿ ಎಳೆಯುತ್ತದೆ. ಜೆಟ್ ಪೈಪಿನ ಒತ್ತುವ ಗುಂಡಿ ಸೋರುತ್ತಿದ್ದು ಅದರ ಬಾಯಿ ಕೊಳಚೆಯಲ್ಲಿ ಮುಳುಗಿದ್ದರೆ ಗಾಳಿಯ ಬದಲು ಕೊಳಚೆ ಎಳೆಯುತ್ತದೆ. ಅದೇ ಟ್ಯಾಂಕಿನ ಪೈಪು ಅಡುಗೆಮನೆಗೂ ಹೋಗುತ್ತದೆ ಅಲ್ವಾ?

ಸುಮ್ನೆ ಹೆದರಿಸುವುದಲ್ಲ. 1933ರಲ್ಲಿ ಅಮೆರಿಕದ ಶಿಕಾಗೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ಅಲ್ಲಿನ ಎರಡು ಹೋಟೆಲುಗಳಲ್ಲಿ ಕೊಳಚೆ ಪೈಪಿಗೂ ಕುಡಿಯುವ ನೀರಿಗೂ ನಂಟು ಬಿದ್ದು ಅಮೀಬಾ ಭೇದಿ ಹಬ್ಬಿತು. ಉಳಿದುಕೊಂಡು ಊರಿಗೆ ಹೋದವರಿಗೆಲ್ಲಾ ರೋಗ. 98 ಜನ ಸತ್ತರು. ದೊಡ್ಡ ಹೋಟೆಲು, ಒಳ್ಳೆ ಪ್ಲಂಬಿಂಗ್ ಅಂತ ಎಲ್ಲರೂ ನಂಬಿದ್ದರು.

ಅದಕ್ಕೇ ಫ್ಲಶ್ ಟ್ಯಾಂಕ್ ಒಳಗೆ ನೀರು ತುಂಬುವ ವಾಲ್ವ್ ಯಾವಾಗಲೂ ಓವರ್‌ಫ್ಲೋ ಪೈಪಿನ ಬಾಯಿಗಿಂತ ಮೇಲೆ ಇರಬೇಕು, ಕನಿಷ್ಠ ಒಂದು ಇಂಚು. ಮುಚ್ಚಳ ತೆಗೆದು ನೋಡಿ, ಎಷ್ಟೋ ಕಡೆ ಮುಳುಗಿರುತ್ತದೆ. ಟ್ಯಾಂಕ್ ಇಲ್ಲದೆ ಗೋಡೆಯೊಳಗೆ ಹೂತ ಫ್ಲಶ್ ವಾಲ್ವ್ ಅಥವಾ ಯೂರಿನಲ್‌ನ ಒತ್ತುವ ಕಾಕ್ ನೇರ ಪೈಪಿಗೆ ಕೂಡಿಸಿದ್ದರೆ ವ್ಯಾಕ್ಯೂಮ್ ಬ್ರೇಕರ್ ಬೇಕು. ಪೈಪಿನಲ್ಲಿ ಎಳೆತ ಶುರುವಾದ ತಕ್ಷಣ ಅದು ಬಾಯಿ ತೆರೆದು ಹೊರಗಿನ ಗಾಳಿ ಬಿಡುತ್ತದೆ, ಎಳೆತ ಮುರಿಯುತ್ತದೆ. ಬೇಸಿನ್ ಅಂಚಿಗಿಂತ 6 ಇಂಚಾದರೂ ಮೇಲೆ ಕೂಡಿಸಬೇಕು. ಟ್ಯೂಷನ್ ಕ್ಲಾಸಿನ ಯೂರಿನಲ್‌ಗೆ ಏನಿದೆ ನೋಡಿ. ಸುಲಭದ ದಾರಿ ಅಂದರೆ ಸಂಡಾಸ್, ಯೂರಿನಲ್‌ಗೆ ಬೇರೆ ಸಣ್ಣ ಟ್ಯಾಂಕ್, ಅಡುಗೆಗೆ ಬೇರೆ.

ಹಳೇ ಗುಲ್ಬರ್ಗಾದವ

ನಮ್ಮ ಕಡೆ ಇನ್ನೊಂದಿದೆ. ನಳದ ಗುಂಡಿ! ಒತ್ತಡ ಕಡಿಮೆ ಅಂತ ಅಂಗಳದಲ್ಲಿ ಗುಂಡಿ ತೋಡಿ ಅದರೊಳಗೆ ನಳ ಇಟ್ಟಿರುತ್ತಾರೆ. ಪಕ್ಕದಲ್ಲೇ ಗಟಾರ. ನೀರು ಬಂದ ದಿನ ಮಕ್ಕಳು ಗುಂಡಿಯಲ್ಲಿ ಇಳಿದು ಕೊಡ ತುಂಬುತ್ತಾರೆ.

ನಳದ ನೀರು

ನೀವು ಹೇಳಿದ್ದು ಸರಿಯಾಗಿದೆ. ನೀರು ನಿಂತ ಮೇಲೆ ಆ ಗುಂಡಿಯ ಕೊಚ್ಚೆ ನಳದ ಬಾಯಿ ಮುಳುಗಿಸುತ್ತದೆ. ಮೇಲಿನ ಓಣಿಯಲ್ಲಿ ಯಾರೋ ಲೈನಿಗೆ ನೇರ ಮೋಟರ್ ಹಚ್ಚಿ ಎಳೆಯುತ್ತಾರೆ. ಆಗ ನಿಮ್ಮ ಗುಂಡಿಯ ನೀರು ಅವರ ಮನೆಯ ಕೊಡಕ್ಕೆ. ಮೊದಲ ಐದು ನಿಮಿಷ ನಳದ ನೀರು ಕೆಂಪಗೆ, ವಾಸನೆ ಬರುವುದು ಯಾಕೆ ಅಂತ ಕೇಳುತ್ತಾರೆ. ಇದೂ ಒಂದು ಕಾರಣ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ 24 ಗಂಟೆ ನೀರು ಕೊಟ್ಟು ನೋಡಿದ್ದಕ್ಕೆ ಇದೂ ಒಂದು ಕಾರಣ. ಪೈಪು ಸದಾ ತುಂಬಿ ಒತ್ತಡದಲ್ಲಿದ್ದರೆ ಸೋರಿದರೂ ಹೊರಗೆ ಸೋರುತ್ತದೆ, ಒಳಗೆ ಎಳೆಯುವುದಿಲ್ಲ.

ಗುಂಡಿ ಮುಚ್ಚಿ. ನಳ ನೆಲದ ಮೇಲೆ ಬರಲಿ. ಮೋಟರ್ ಬೇಕಾದರೆ ಸಂಪ್ ಕಟ್ಟಿ ಸಂಪಿನಿಂದ ಎಳೆಯಿರಿ, ಲೈನಿನಿಂದ ಅಲ್ಲ. ಸಂಪಿಗೆ ಬೀಳುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ, ಪೈಪಿನ ದಪ್ಪದ ಎರಡರಷ್ಟು ಗಾಳಿಯ ಅಂತರ, ಒಂದು ಇಂಚಿಗಿಂತ ಕಡಿಮೆ ಬೇಡ. ಜೇವರ್ಗಿ ರೋಡ್ ತಂಗಿಯ ಮನೆಯಲ್ಲಿ ನೋಡಬೇಕಾದ್ದು ಇನ್ನೊಂದು, ಸಂಪಿನ ಮುಚ್ಚಳ ಅಂಗಳದ ಮಟ್ಟಕ್ಕೇ ಇದ್ದರೆ ಅಂಗಳದಲ್ಲಿ ಉಕ್ಕಿದ ಗಟಾರ ನೇರ ಸಂಪಿಗೆ.

ಬೀದರ್ ಸೈಟ್ ಎಂಜಿನಿಯರ್

ಸರ್ ಹೇಳಿದ ಕೊನೆಯ ಮಾತಿಗೆ ನನ್ನದೂ ಸಹಿ. ನಾನು ಗಲ್ಲಿ ಟ್ರ್ಯಾಪ್ ತಗ್ಗಿಸಿ ಅಂದೆ. ಸಂಪ್ ಅದರ ಪಕ್ಕದಲ್ಲೇ ಇದ್ದರೆ ಸಂಪಿನ ಸುತ್ತ ಒಂದು ಅಡಿ ಕಟ್ಟೆ ಏರಿಸಿದ ಮೇಲೆಯೇ ಜಿಟಿ ಮುಟ್ಟಿ.

ಜೇವರ್ಗಿ ರೋಡ್ ಸೊಸೆ

ಸಂಪ್ ಹಿತ್ತಲಲ್ಲಿದೆ, ಕಟ್ಟೆಯೂ ಇದೆ, ಸದ್ಯ! ತಾರಸಿ ಪೈಪು ಬಿಡಿಸಿ ರಸ್ತೆಯ ಚರಂಡಿಗೆ ಬಿಟ್ಟೆವು. ಜೆಟ್ ಪೈಪಿಗೆ ಹೊಸ ಕೊಕ್ಕೆ ಹಾಕಿಸಿ, ಉಪಯೋಗ ಆದ ಮೇಲೆ ಕೆಳಗಿನ ಆಂಗಲ್ ಕಾಕ್ ಮುಚ್ಚಿ ಅಂತ ಮನೆಯಲ್ಲೆಲ್ಲಾ ಹೇಳಿದ್ದೇನೆ. ವಾಲ್ವ್ ಚೇಂಬರ್ ಕೆಲಸ ಮುಂದಿನ ವಾರ. ಮೇಲಿನ ಮನೆ ಲೈನು ಬೇರೆ ಮಾಡಲು ಪ್ಲಂಬರ್ ಒಪ್ಪಿದ್ದಾನೆ, ಗೊಣಗುತ್ತಾ ಒಪ್ಪಿದ್ದಾನೆ. ವಾಲ್ವ್ ಮೇಲೆ ಮಣ್ಣು ಮುಚ್ಚಿ ಟೈಲ್ಸ್ ಹಾಕಬಹುದಾ? ಅಂಗಳ ಚೆಂದ ಕಾಣಬೇಕು ಅಂತ ಮಾವನ ಆಸೆ.

ಫರ್ಸಿ ಮೇಸ್ತ್ರಿ

ಮುಚ್ಚಬೇಡಿ ಅಕ್ಕಾ. ವಾಲ್ವ್‌ಗೆ ಎರಡು ಅಡಿ ಚೌಕದ ಚೇಂಬರ್ ಕಟ್ಟಿಸಿ, ಮೇಲೆ ಶಹಾಬಾದ್ ಫರ್ಸಿಯನ್ನು ಎರಡು ತುಂಡು ಮಾಡಿ ಒಂದೊಂದಕ್ಕೂ ಕಬ್ಬಿಣದ ಕೊಂಡಿ ಕೂಡಿಸಿ. ಒಂದೇ ದೊಡ್ಡ ಕಲ್ಲು ಹಾಕಿದರೆ ಎತ್ತಲು ಇಬ್ಬರು ಬೇಕು, ಆಮೇಲೆ ಯಾರೂ ಎತ್ತುವುದಿಲ್ಲ. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಮಳೆಗೆ ಮೊದಲು ಒಮ್ಮೆ ತೆಗೆದು ರೆಪ್ಪೆ ಕೋಲಿನಿಂದ ಎತ್ತಿ ಬಿಡಿ, ಸಲೀಸಾಗಿ ಬಿದ್ದರೆ ಸರಿ. ಅಂಚಿನ ರಬ್ಬರ್ ಗಡುಸಾಗಿದ್ದರೆ ಬದಲಿಸಿ. ಅಂಗಳದಲ್ಲಿ ಬೇರೆ ಕಡೆ ಅದೇ ಫರ್ಸಿ ಹಾಕಿಸಿದರೆ ಮುಚ್ಚಳ ಎಲ್ಲಿದೆ ಅಂತ ಎದ್ದು ಕಾಣುವುದಿಲ್ಲ. ಮಾವನಿಗೂ ಸಮಾಧಾನ.

ತೊಗರಿ ಕಣಜ

ಎಂಜಿನಿಯರ್ ಸಾಹೇಬರೇ, ನಮ್ಮ ಓಣಿಯ ಮ್ಯಾನ್‌ಹೋಲ್ ಸಿಸಿ ಕೆಳಗೆ ಹೂತಿದೆ. ಅದನ್ನು ಯಾರು ಹುಡುಕಬೇಕು?

ಬೀದರ್ ಸೈಟ್ ಎಂಜಿನಿಯರ್

ನೀವು ಅಗೆಯಬೇಡಿ. ಅರ್ಜಿ ಬರೆದು ಕೊಡಿ, ಅದರಲ್ಲಿ ಹಿಂದಿನ ಮತ್ತು ಮುಂದಿನ ಮುಚ್ಚಳದ ಜಾಗ ಗುರುತು ಮಾಡಿ ಫೋಟೋ ಹಾಕಿ. ಎರಡರ ನಡುವೆ ನೇರ ಗೆರೆ ಎಳೆದರೆ ಹೂತಿದ್ದು ಸಾಮಾನ್ಯವಾಗಿ ಆ ಗೆರೆಯ ಮೇಲೆ ಇರುತ್ತದೆ. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಓಣಿಯ ನಾಲ್ಕಾರು ಮನೆಯವರ ಸಹಿ ಇದ್ದರೆ ಇನ್ನೂ ಒಳ್ಳೆಯದು. ತಾರಸಿ ಪೈಪು ಬಿಡಿಸಿದವರ ಸಹಿ ಮೇಲೆ ಇರಲಿ.